ಖಾನಾವಳಿ ಕಾಕು ನಿವೃತ್ತಿಯಾದ ವರ್ಷ

ಮೊನ್ನೆ ಬೆಳಿಗ್ಗೆ ಪತ್ರಿಕೆಯ ಕ್ರೀಡಾಪುಟದ ಕೆಳಗಿನ ಮೂಲೆಯಲ್ಲಿ ಅಂಗೈಯಗಲದ ಒಂದು ಸುದ್ದಿ ಇತ್ತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಹೆಸರಾಂತ ಆಟಗಾರನೊಬ್ಬ, ಆಟದ ಈ ರಜೆ ಮುಗಿದ ಮೇಲೆ ತಾನು ಮತ್ತೆ ಅಂಗಳಕ್ಕೆ ಇಳಿಯುವುದಿಲ್ಲ ಎಂದು ಹೇಳಿದ್ದಾನಂತೆ. ಇಡೀ ಜಮಖಂಡಿಯಲ್ಲಿ ಆ ಸುದ್ದಿಯನ್ನು ಪೂರ್ತಿ ಓದಿದವನು ಬಹುಶಃ ನಾನೊಬ್ಬನೇ. ಓದಿ, ಪತ್ರಿಕೆ ಮಡಚಿ ಬಗಲಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

"ಇಷ್ಟ ಮುಂಜಾನೆ ಎಲ್ಲಿಗೆ ಹೊಂಟ್ರಿ?" ಅಂದಳು ಹೆಂಡತಿ.

ಬಾಗಿಲಲ್ಲೇ ನಿಂತೆ. ಆ ಸುದ್ದಿ ಕೇಳಬೇಕಾದವಳು ತೀರಿಕೊಂಡು ಕೆಲವು ವರ್ಷಗಳಾದವು. ನನ್ನ ಕಾಲುಗಳಿಗೆ ಮಾತ್ರ ಅದು ಇನ್ನೂ ಗೊತ್ತಾದಂತಿಲ್ಲ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಗುರುತು ಸಿಗುವುದು ಕಷ್ಟ. ಊರಿಗೆಲ್ಲ ಆಕೆ ಕಾಕು, ಅಂದರೆ ಚಿಕ್ಕಮ್ಮ. ಮೊಮ್ಮಕ್ಕಳಿಗೂ ಕಾಕು, ಹಾಲು ಹಾಕುವವನಿಗೂ ಕಾಕು, ಆಕೆಗಿಂತ ವಯಸ್ಸಿನಲ್ಲಿ ಹಿರಿಯರಾದ ಕೋರ್ಟಿನ ವಕೀಲರಿಗೂ ಕಾಕು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಯದೊಂದು ಖಾನಾವಳಿ. ಬೋರ್ಡಿನಲ್ಲಿ ಯಾವುದೋ ದೇವರ ಹೆಸರಿತ್ತು. ಆದರೆ ಸಾವಳಗಿಯಿಂದ ಕೋರ್ಟಿಗೆ ಬಂದವರಾಗಲಿ, ತೇರದಾಳದಿಂದ ಸಂತೆಗೆ ಬಂದವರಾಗಲಿ "ಕಾಕು ಕಡೆ ಉಂಡು ಹೋಗೂಣು" ಅನ್ನುತ್ತಿದ್ದರೇ ಹೊರತು ದೇವರ ಹೆಸರು ಹೇಳುತ್ತಿರಲಿಲ್ಲ.

ತೊಂಬತ್ತೆಂಟರ ಸುಮಾರಿಗೆ ನಾನು ಹಾವೇರಿ ಕಡೆಯಿಂದ ಇಲ್ಲಿಗೆ ಬಂದೆ. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ಕಾಲ. ಮುಳುಗುವ ಊರುಗಳ ಮನೆ, ಬಾವಿ, ಗಿಡಗಳನ್ನು ಅಳೆದು ಬರೆದುಕೊಳ್ಳುವ ಕಚೇರಿಯಲ್ಲಿ ನಾನು ಗುಮಾಸ್ತ. ಇನ್ನೂ ಮದುವೆಯಾಗಿರಲಿಲ್ಲ. ಖಾನಾವಳಿಯ ಮೇಲೊಂದು ಕೋಣೆ ಬಾಡಿಗೆಗಿದೆ ಎಂದು ಯಾರೋ ಹೇಳಿದರು. ಹೋಗಿ ಕೇಳಿದೆ. ಒಲೆಯ ಮುಂದೆ ಕುಳಿತ ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ರೊಟ್ಟಿ ಎಷ್ಟ ತಿಂತಿ?"

"ಎರಡು ಸಾಕ್ರಿ."

"ಎರಡ ರೊಟ್ಟಿ ತಿನ್ನಾಂವಗ ಕೋಣಿ ಕೊಡಾಂಗಿಲ್ಲ. ನಾಳೆ ಜಡ್ಡ ಬಿದ್ರ ನೋಡಾವ್ರ ಯಾರು?"

ನಾಲ್ಕು ತಿನ್ನುತ್ತೇನೆಂದು ಒಪ್ಪಿಕೊಂಡ ಮೇಲೆ ಕೋಣೆ ಸಿಕ್ಕಿತು.

ಕುಳ್ಳಗೆ, ಅಗಲವಾಗಿ, ಮುಂಗೈಗಳು ಮಾತ್ರ ಪೈಲವಾನನಂತೆ ಇದ್ದ ಹೆಂಗಸು. ರೊಟ್ಟಿ ಬಡಿಯುವಾಗ ಆಕೆ ರೊಟ್ಟಿಯ ಕಡೆ ನೋಡುತ್ತಿರಲಿಲ್ಲ. ನಡುಬಾಗಿಲಿನಿಂದ ಉಣ್ಣುವವರನ್ನು ನೋಡುತ್ತಿದ್ದಳು. ಕೈ ತನ್ನಷ್ಟಕ್ಕೆ ತಟ್ಟುತ್ತ, ತಿರುಗಿಸುತ್ತ ಇರುತ್ತಿತ್ತು. ಯಾರ ತಟ್ಟೆ ಖಾಲಿಯಾಯಿತೋ ಅವರತ್ತ ಗದ್ದ ಎತ್ತಿದರೆ, ಬಡಿಸುವವರು ಇನ್ನೊಂದು ರೊಟ್ಟಿ ಹಾಕಬೇಕು. ಉಣ್ಣುವವನು ಬೇಡವೆಂದರೂ ಗದ್ದದ ಮಾತೇ ಕೊನೆಯ ಮಾತು. ಊರಿನಲ್ಲಿ ಎಂಥ ದೊಡ್ಡ ಸುದ್ದಿಯಾಗಲಿ, ಆಕೆಯದು ಒಂದೇ ಉತ್ತರ. ಸರ್ಕಾರ ಬಿತ್ತು ಎಂದು ಒಬ್ಬರು ಓಡಿಬಂದು ಹೇಳಿದಾಗಲೂ, "ಅದ ಇರ್ಲಿ, ಉಂಡೇನು?" ಅಂದಳು.

ನನಗೆ ಬೆಳಗಾಗುತ್ತಿದ್ದದ್ದು ಕೆಳಗಿನಿಂದ ಬರುವ ಎರಡು ಸದ್ದುಗಳಿಂದ. ಒಂದು ಕಾಕುವಿನ ರೊಟ್ಟಿಯ ತಟಪಟ. ಇನ್ನೊಂದು, ಏನೂ ಅರ್ಥವಾಗದ ಇಂಗ್ಲಿಷಿನಲ್ಲಿ ಯಾರೋ ಅರಚುವುದು. ಬಂದ ಹೊಸದರಲ್ಲಿ ಒಂದು ದಿನ ಇಳಿದು ನೋಡಿದರೆ, ಗಿರಾಕಿಗಳಿಲ್ಲದ ಖಾಲಿ ಹಾಲಿನಲ್ಲಿ ಟಿವಿ ಹಚ್ಚಿತ್ತು. ಅದರಲ್ಲಿ ಎತ್ತರೆತ್ತರದ ಮನುಷ್ಯರು ಚೆಂಡು ಬಡಿಯುತ್ತ ಓಡುತ್ತಿದ್ದರು. ರಾತ್ರಿ ಊಟಕ್ಕೆ ಬಂದವರು ಕ್ರಿಕೆಟ್ ನೋಡಿ ಅದೇ ಚಾನೆಲ್ಲಿಗೆ ಬಿಟ್ಟು ಹೋಗಿರುತ್ತಿದ್ದರು. ಬೆಳಿಗ್ಗೆ ಕಾಕುವಿನ ಮಗ ಮಲ್ಲು ಕಸ ಹೊಡೆಯಲು ಬಂದವನು ಗುಂಡಿ ಒತ್ತುತ್ತಿದ್ದ. ನಮ್ಮ ಬೆಳಗಿನ ಹೊತ್ತಿಗೆ ಅಮೆರಿಕದಲ್ಲಿ ರಾತ್ರಿಯ ಆಟ. ಹಾಗೆ ಕಾಕುವಿಗೂ ಬಾಸ್ಕೆಟ್‌ಬಾಲಿಗೂ ನಂಟು ಬೆಳೆದಿತ್ತು.

"ಇದು ಕೈ ಆಟ ತಮ್ಮಾ," ಅಂದಳು. "ಆ ಕ್ರಿಕೆಟ್ಟಿನ್ಯಾಗ ಒಬ್ಬಾಂವ ದುಡೀತಾನ, ಉಳದಾವ್ರೆಲ್ಲಾ ಮದವಿಗೆ ಬಂದಂಗ ನಿಂತಿರ್ತಾರ. ಇಲ್ಲಿ ನೋಡು, ಎಲ್ಲಾರೂ ಬೆವರ್ಯಾರ."

ನಿಯಮಗಳು ಆಕೆಗೆ ತಿಳಿದಿರಲಿಲ್ಲ. ತಿಳಿಯಬೇಕೆಂಬ ಆಸೆಯೂ ಇರಲಿಲ್ಲ. ಯಾಕೆ ಒಮ್ಮೊಮ್ಮೆ ಎರಡು ಅಂಕ, ಒಮ್ಮೊಮ್ಮೆ ಮೂರು ಎಂದು ನಾನು ಹೇಳಲು ಹೋದರೆ, "ದೂರದಿಂದ ಒಗದಾಂವಗ ಒಂದ ಹೆಚ್ಚಿಗಿ ಕೊಡ್ಲಿ ಬಿಡು, ನಮ್ಮ ರೊಕ್ಕೇನ ಹೋಗೂದಿಲ್ಲ" ಅನ್ನುತ್ತಿದ್ದಳು. ಸೀಟಿ ಊದುವವನ ಮೇಲೆ ಆಕೆಗೆ ಮೊದಲಿನಿಂದ ಸಿಟ್ಟು. ಆಟಗಾರರ ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲವಾದ್ದರಿಂದ ತಾನೇ ಇಟ್ಟುಕೊಂಡಿದ್ದಳು. ಎಲ್ಲರ ಕಾಲುಗಳ ಸಂದಿಯಲ್ಲಿ ನುಸುಳಿ ಹೋಗುವವನು ಗುಬ್ಬಿ. ಬುಟ್ಟಿಗೆ ಹಾಕಿದ ಮೇಲೆ ಎದೆಯುಬ್ಬಿಸಿ ಜನರ ಕಡೆ ನೋಡುವವನು ಗತ್ತಿನಾಂವ. ಇನ್ನೊಬ್ಬ ಎತ್ತರದ ಮನುಷ್ಯ ಇದ್ದ. ಗೆದ್ದರೂ ನಗುತ್ತಿರಲಿಲ್ಲ, ಸೋತರೂ ಬೈಯುತ್ತಿರಲಿಲ್ಲ. ಚೆಂಡನ್ನು ಹಲಗೆಗೆ ಮೆಲ್ಲಗೆ ತಾಗಿಸಿ ಬುಟ್ಟಿಗೆ ಬೀಳಿಸಿ, ಏನೂ ಆಗದವನಂತೆ ಹಿಂದೆ ಓಡಿಹೋಗುತ್ತಿದ್ದ. ಅವನು ಮಾಸ್ತರ.

"ಗಡಬಡ ಇಲ್ಲ ನೋಡು ಅವಗ," ಅನ್ನುತ್ತಿದ್ದಳು. "ಖರೆ ಹೇಳ್ತೇನಿ, ಅವ ಅಲ್ಲಿ ಯಾವದರ ಸಾಲ್ಯಾಗ ಮಾಸ್ತರಕಿ ಮಾಡ್ತಿರಬೇಕು."

ಕಾರಹುಣ್ಣಿಮೆಯ ಹೊತ್ತಿಗೆ ಅವರ ಆಟ ಮುಗಿದುಬಿಡುತ್ತಿತ್ತು. ಮೊದಲ ವರ್ಷ ಕಾಕು ಗಾಬರಿಯಾಗಿದ್ದಳಂತೆ, ಇವರೆಲ್ಲ ಒಮ್ಮೆಲೇ ಎಲ್ಲಿ ಹೋದರು ಎಂದು. ಆಮೇಲೆ ತಾನೇ ಲೆಕ್ಕ ಹಾಕಿಕೊಂಡಳು. ಮುಂಗಾರು ಶುರುವಾಗುವಾಗ ಹೋಗುತ್ತಾರೆ, ದೀಪಾವಳಿ ಎದುರಿಗೆ ಬರುತ್ತಾರೆ. ಅಂದಮೇಲೆ ಬಿತ್ತಿಗೆಗೆ ಹೋಗಿರಬೇಕು. ಅವರಿಗೆ ಹೊಲಮನಿ ಇರುವುದಿಲ್ಲ, ಅದು ರಜೆ ಎಂದು ನಾನು ಹೇಳಿದೆ.

"ಅಷ್ಟ ಎತ್ತರದ ಆಳು, ಹೊಲ ಇಲ್ಲಂದ್ರ ಯಾರ ನಂಬ್ತಾರ?" ಅಂದಳು.

ಒಂದು ವರ್ಷ ದೀಪಾವಳಿ ಕಳೆದು ಆಟ ಶುರುವಾದಾಗ ಗುಬ್ಬಿ ಬೇರೆ ಬಣ್ಣದ ಬನಿಯನ್ನಿನಲ್ಲಿ ಕಾಣಿಸಿಕೊಂಡ. ಕಾಕು ರೊಟ್ಟಿ ಬಿಟ್ಟು ಟಿವಿಯ ಹತ್ತಿರ ಬಂದಳು.

"ಇವ ನಮ್ಮ ಗುಬ್ಬಿ ಅಲ್ಲೇನೋ? ಆ ಮಂದಿ ಜೋಡಿ ಯಾಕ ಆಡಾಕತ್ತಾನ?"

"ಅವನ್ನ ಆ ತಂಡಕ್ಕ ಕೊಟ್ಟಾರ್ರಿ ಕಾಕು. ಅವನ ಬದಲಿಗೆ ಅಲ್ಲಿಂದ ಇಬ್ಬರನ್ನ ತಗೊಂಡಾರ."

"ಅವನ್ನ ಕೇಳಿದ್ರೇನು?"

"ಕೇಳೂದಿಲ್ಲಂತ್ರಿ."

ಕಾಕು ನನ್ನ ಕಡೆ ತಿರುಗಿದಳು. "ನಿನ್ನ ವರ್ಗಾ ಮಾಡೂಮುಂದ ನಿನ್ನ ಕೇಳಿದ್ರೇನು?"

"ಇಲ್ರಿ."

"ಹಂಗಾದ್ರ ಅವನೂ ಸರಕಾರಿ ನೌಕರನ."

ಅಂದಿನಿಂದ ಅವರ ರಜೆಯ ತಿಂಗಳುಗಳಲ್ಲಿ ನನಗೊಂದು ಕೆಲಸ ಅಂಟಿಕೊಂಡಿತು. ಊರಿನ ವಾಚನಾಲಯಕ್ಕೆ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ಸಂಜೆ ಅಲ್ಲಿಗೆ ಹೋಗಿ ಯಾರು ಎಲ್ಲಿಗೆ ಹೋದರು, ಯಾವ ಹೊಸ ಹುಡುಗ ಸೇರಿದ ಎಂದು ಓದಿಕೊಂಡು ಬರಬೇಕು. ಊಟಕ್ಕೆ ಕೂತ ಕೂಡಲೇ ಒಳಗಿನಿಂದ "ಯಾರ ವರ್ಗಾ ಆತೋ?" ಎಂಬ ಪ್ರಶ್ನೆ ಬರುತ್ತಿತ್ತು. ಗಿರಾಕಿಗಳು ಮೊದಮೊದಲು ನಗುತ್ತಿದ್ದರು. ಬರುಬರುತ್ತ ತಾವೂ ಕಿವಿಗೊಡತೊಡಗಿದರು. ಗುಬ್ಬಿಯನ್ನು ಕಳಿಸಿದ್ದು ತಪ್ಪೋ ಸರಿಯೋ ಎಂದು ಕೋರ್ಟಿಗೆ ಬಂದ ಇಬ್ಬರು ಕಕ್ಷಿದಾರರು ವಾದಕ್ಕೆ ಬಿದ್ದು, ಊಟ ಆರಿಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ಸುಮಾರಿಗೆ ಕಾಕುವಿನ ಕೈಕೆಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸೊಬ್ಬಳನ್ನು ಹೊಸದಾಗಿ ಶುರುವಾದ ಇನ್ನೊಂದು ಖಾನಾವಳಿಯವರು ಕರೆದುಕೊಂಡು ಹೋದರು. ಕಾಕು ಅವರ ಬಾಗಿಲಿಗೇ ಹೋಗಿ ಜಗಳ ತೆಗೆಯುತ್ತಾಳೆ ಎಂದು ಓಣಿ ಕಾದಿತ್ತು. ಕಾಕು ಆಕೆಗೊಂದು ಸೀರೆ ಉಡಿಸಿ ಕಳಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಗುಬ್ಬಿ ಬ್ಯಾರೆ ಅಂಗಿ ತೊಟ್ಟಾನಂತ ಆಟ ಮರತಾನೇನು?" ಅಂದಳು. ಆಮೇಲೆ ಆ ಖಾನಾವಳಿಯ ರೊಟ್ಟಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಹಿಗ್ಗುತ್ತಿದ್ದಳು. "ಆಕಿ ಕೈ ನಮ್ಮ ಕೈ" ಅನ್ನುತ್ತಿದ್ದಳು.

ನನಗೆ ಮದುವೆಯಾಯಿತು. ಕೋಣೆ ಬಿಟ್ಟು ಪಕ್ಕದ ಓಣಿಯಲ್ಲಿ ಮನೆ ಮಾಡಿದೆ. ಮಧ್ಯಾಹ್ನದ ಊಟ ಮಾತ್ರ ಕಾಕುವಿನಲ್ಲೇ. ಮಲ್ಲುವಿಗೂ ಮುಧೋಳದಿಂದ ಹೆಣ್ಣು ತಂದರು. ರೇಣುಕಾ ಎಂದು ಹೆಸರು. ಮಾತು ಕಡಿಮೆ, ಕೆಲಸ ಜಾಸ್ತಿ. ಪಲ್ಯ, ಸಾರು, ಶೇಂಗಾ ಚಟ್ನಿ ಎಲ್ಲವೂ ಬರಬರುತ್ತ ಅವಳ ಕೈಗೆ ಬಂದವು. ಹಂಚಿನ ಮುಂದೆ ಮಾತ್ರ ಕಾಕು ಅವಳನ್ನು ಕೂರಿಸಲಿಲ್ಲ. ಕಾರಣ, ರೇಣುಕಾ ರೊಟ್ಟಿಯನ್ನು ಕೈಯಿಂದ ಬಡಿಯುತ್ತಿರಲಿಲ್ಲ, ಲಟ್ಟಣಿಗೆಯಿಂದ ಲಟ್ಟಿಸುತ್ತಿದ್ದಳು. ಬಂದ ಹೊಸದರಲ್ಲಿ ಒಮ್ಮೆ ಹಾಗೆ ಮಾಡಿ ತೋರಿಸಿದ್ದಳಂತೆ. ಕಾಕು ಅದನ್ನು ಬೆಳಕಿಗೆ ಹಿಡಿದು, "ಇದ ರೊಟ್ಟಿ ಅಲ್ಲವಾ, ಹಪ್ಪಳ. ಎಣ್ಯಾಗ ಕರದ ತಾ" ಅಂದಳಂತೆ. ಆ ಮಾತು ಗಿರಾಕಿಗಳ ಬಾಯಲ್ಲಿ ಬಹಳ ದಿನ ಓಡಾಡಿತು. ರೇಣುಕಾ ತಾನೂ ನಕ್ಕು, ಲಟ್ಟಣಿಗೆಯನ್ನು ಎತ್ತಿಟ್ಟುಬಿಟ್ಟಳು.

ವರ್ಷಗಳು ಹೋದವು. ಟಿವಿ ಚಪ್ಪಟೆಯಾಯಿತು. ನಾನು ವಾಚನಾಲಯ ಬಿಟ್ಟು ಮೊಬೈಲಿನಲ್ಲಿ ಸುದ್ದಿ ನೋಡತೊಡಗಿದೆ. ಗುಬ್ಬಿ ಯಾವಾಗಲೋ ಮರೆಯಾದ. ನನ್ನ ಮಗ ಹೈಸ್ಕೂಲಿಗೆ ಹೋದರೂ ಮಾಸ್ತರ ಮಾತ್ರ ಆಡುತ್ತಲೇ ಇದ್ದ. ಮೊಣಕಾಲಿಗೆ ಪಟ್ಟಿ ಬಂತು, ಓಟ ನಿಧಾನವಾಯಿತು, ಚೆಂಡು ಹಲಗೆಗೆ ತಾಗಿ ಬುಟ್ಟಿಗೆ ಬೀಳುವುದು ನಿಲ್ಲಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ನಾನು ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದೆ.

"ಮಾಸ್ತರು ಆಟ ಬಿಟ್ರಂತ್ರಿ ಕಾಕು."

ತಟಪಟ ನಿಂತಿತು. "ಯಾರಿಗೆ ಹೇಳಿ ಬಿಟ್ಟಾನ?"

"ಯಾರಿಗೂ ಇಲ್ರಿ. ಸಭಾ ಇಲ್ಲ, ಸನ್ಮಾನ ಇಲ್ಲ. ಇನ್ನ ಆಡೂದಿಲ್ಲ ಅಂದಾರಂತ, ಅಷ್ಟ."

"ಇಷ್ಟ ವರ್ಷ ಇಲ್ಲಿ ಕುಂತ ನೋಡೇವಿ. ಹೊಂಟೇನಿ ಅಂತ ಒಂದ ಮಾತ ಹೇಳಬಾರದೇನ?"

ಆ ದಿನ ಆಕೆ ನನಗೆ ಉಂಡೆಯಾ ಎಂದು ಕೇಳಲಿಲ್ಲ. ಟಿವಿಯನ್ನು ಬಂದ್ ಮಾಡಲು ಮಲ್ಲುವಿಗೆ ಹೇಳಿದಳು. ಹೇಗೂ ಆಟದ ಕಾಲವಲ್ಲ, ಅದರಲ್ಲಿ ಬರುತ್ತಿದ್ದದ್ದು ಯಾವುದೋ ಧಾರಾವಾಹಿ. ಅಷ್ಟೊಂದು ನೊಂದುಕೊಳ್ಳುವಂಥದ್ದೇನಿದೆ ಎಂದು ನನಗೆ ಅನ್ನಿಸಿತ್ತು. ಕೆಲವು ದಿನಗಳ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ ರೇಣುಕಾ ದನಿ ತಗ್ಗಿಸಿ ಹೇಳಿದಳು.

"ಕಾಕಾ, ನೀವರ ನಮ್ಮ ಅತ್ತಿಯವ್ರಿಗೆ ಹೇಳ್ರಿ. ಬಲಗೈ ಮ್ಯಾಲೆ ಎತ್ತಾಕ ಆಗವಲ್ದು. ಮುಂಜಾನೆ ಕುಬಸ ನಾನ ತೊಡಸ್ತೇನಿ. ಹೊರಗ ಹೇಳಬ್ಯಾಡ ಅಂದಾರ. ಡಾಕ್ಟರು ಇನ್ನ ರೊಟ್ಟಿ ಬಡದ್ರ ಭುಜ ಪೂರ್ತಿ ಹೋಗತೈತಿ ಅಂದಾರ್ರಿ."

ನಾನು ಕೇಳಿದ್ದಕ್ಕೆ ಕಾಕು, "ಹಂಗಾದ್ರ ಡಾಕ್ಟರನ ಹೇಣ್ತಿ ಬಂದ ಬಡದ ಹೋಗ್ಲಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ ಇನ್ನೊಂದು ಮಾತು ಹೇಳಿದಳು. "ಹಪ್ಪಳ ಉಣಸಿ ಹೆಸರ ಕೆಡಸೂದಕ್ಕಿಂತ ಬಾಗಲಾ ಹಾಕೂದ ಛಲೋ. ಮಲ್ಲೂಗ ಹೇಳೇನಿ, ಬ್ಯಾರೆ ಏನರ ಉದ್ಯೋಗ ನೋಡ್ಕೊ ಅಂತ." ಮಲ್ಲು ಗಲ್ಲಾಪೆಟ್ಟಿಗೆಯ ಹಿಂದೆ ತಲೆ ತಗ್ಗಿಸಿ ಕುಳಿತಿದ್ದ. ಅವನಿಗೆ ಬೇರೆ ಉದ್ಯೋಗ ಯಾವುದೂ ಬರುತ್ತಿರಲಿಲ್ಲ.

ಹಾಗಿರುವಾಗ ದೀಪಾವಳಿ ಬಂತು. ಆಟ ಶುರುವಾಯಿತು. ಕಾಕುವಿನ ಸಿಟ್ಟು ಅಷ್ಟೊತ್ತಿಗೆ ಇಳಿದಿತ್ತೋ ಏನೋ, ಟಿವಿ ಹಚ್ಚಿಸಿದಳು. ಗತ್ತಿನಾಂವ ಅಂಗಳಕ್ಕೆ ಬಂದರೆ ಎದುರು ತಂಡದ ಊರಿನವರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

"ವೈರಿಗಳೂ ಚಪ್ಪಾಳಿ ಹೊಡ್ಯಾಕತ್ತಾರಲ್ಲೋ, ಯಾಕ?"

"ಇದು ಅವನ ಕಡೀ ವರ್ಷರಿ. ಮೊದಲ ಹೇಳ್ಯಾನ. ಎಲ್ಲಾ ಊರಿಗೂ ಹೋಗಿ ಆಡಿ, ಹೇಳಿ ಬರ್ತಾನಂತ."

ಕಾಕು ಬಹಳ ಹೊತ್ತು ಟಿವಿ ನೋಡಿದಳು. "ಗತ್ತ ಇದ್ರೂ ರೀತಿ ಗೊತ್ತೈತಿ ಅವಗ," ಅಂದಳು.

ಮರುದಿನ ಮಧ್ಯಾಹ್ನ, ಖಾನಾವಳಿ ತುಂಬಿದ್ದಾಗ, ಕಾಕು ನಡುಬಾಗಿಲಿಗೆ ಬಂದು ನಿಂತಳು. ಕೈಗೆ ಹಿಟ್ಟು ಮೆತ್ತಿತ್ತು.

"ಎಲ್ಲಾರೂ ಕೇಳ್ರಿ. ಯುಗಾದಿ ಮಟಾ ನಾ ರೊಟ್ಟಿ ಬಡೀತೇನಿ. ಆಮ್ಯಾಲೆ ಇಲ್ಲ. ಈಗ ಹೇಳೇನಿ, ನಾಳೆ ಹೇಳ್ಲಿಲ್ಲ ಅನಬ್ಯಾಡ್ರಿ."

"ಆಮ್ಯಾಲೆ ಖಾನಾವಳಿ ಹೆಂಗ್ರಿ ಕಾಕು?" ಅಂದರು ಯಾರೋ.

"ಅದನ್ನ ಯುಗಾದಿಗೆ ಹೇಳ್ತೇನಿ. ಉಣ್ರಿ."

ಸುದ್ದಿ ನಾಲ್ಕೂ ದಿಕ್ಕಿಗೆ ಹೋಯಿತು. ಒಂದು ಕಾಲದಲ್ಲಿ ಇಲ್ಲಿ ಉಂಡು ಬೆಳೆದವರು, ಈಗ ಬೇರೆ ಬೇರೆ ಊರಿನಲ್ಲಿ ನೆಲೆ ನಿಂತವರು, ಫೋನು ಮಾಡತೊಡಗಿದರು. ಒಬ್ಬ, ಕಾಕು ಒಂದು ಸಲ ತನ್ನ ಮನೆಗೆ ಬಂದು ರೊಟ್ಟಿ ಬಡಿದು ಹೋಗಬೇಕು ಅಂದ. ಆಕೆ ಒಲ್ಲೆ ಎನ್ನುತ್ತಾಳೆ ಎಂದುಕೊಂಡಿದ್ದೆವು. "ಗತ್ತಿನಾಂವ ಊರೂರಿಗೆ ಹೋಗ್ಯಾನೋ ಇಲ್ಲೋ?" ಅಂದಳು. ಹೀಗೆ ಭಾನುವಾರಗಳಂದು ಆಕೆಯ ಪ್ರವಾಸ ಶುರುವಾಯಿತು. ಮಲ್ಲು ಬಾಡಿಗೆಯ ಜೀಪು ತರುತ್ತಿದ್ದ. ಕಾಕು ತನ್ನ ಹಂಚನ್ನೂ ರೊಟ್ಟಿ ಬಡಿಯುವ ಹಲಗೆಯನ್ನೂ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಭುಜ ನೋಯುತ್ತಿತ್ತು. ಒಂದೊಂದು ಮನೆಯಲ್ಲಿ ನಾಲ್ಕೈದು ರೊಟ್ಟಿ ಮಾತ್ರ ಎಂದು ರೇಣುಕಾ ಆಣೆ ಹಾಕಿಸಿಕೊಂಡಿದ್ದಳು.

ಬನಹಟ್ಟಿಯಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬ ನೇಕಾರ. ಮನೆಯ ಹಿಂದೆಯೇ ಮಗ್ಗಗಳು. ಕಾಕು ಬಡಿಯತೊಡಗಿದರೆ ಆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಆತ ಎದ್ದು ಹೋಗಿ ಮಗ್ಗಗಳನ್ನೆಲ್ಲ ನಿಲ್ಲಿಸಿ ಬಂದ. ಒಮ್ಮೆಲೇ ಮೌನವಾಗಿ, ರೊಟ್ಟಿಯ ತಟಪಟವೊಂದೇ ಉಳಿಯಿತು. "ಇದನ್ನ ಕೇಳಬೇಕಾಗಿತ್ತರಿ ನನಗ" ಅಂದ. ತುಬಚಿಯಲ್ಲಿ ಹೊಲದ ದಂಡೆಗೆ ಮೂರು ಕಲ್ಲಿಟ್ಟು ಒಲೆ ಹೂಡಿದರು. ಬೀಳಗಿ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿ ಇನ್ನೊಬ್ಬನ ಮನೆ. ನೀರಿಗೆ ಹೋದ ಅವನ ಹಳೆಯ ಮನೆಯನ್ನು ಅಳೆಯಲು ಹಿಂದೊಮ್ಮೆ ಹೋದವರಲ್ಲಿ ನಾನೂ ಇದ್ದೆ. ಹೊಸ ಮನೆಯಲ್ಲಿ ಕಟ್ಟಿಗೆಯ ಒಲೆಗೆ ಜಾಗವಿರಲಿಲ್ಲ. ರಸ್ತೆಯ ಬದಿಯಲ್ಲೇ ಒಲೆ ಹಚ್ಚಿದೆವು. ರೊಟ್ಟಿಯ ವಾಸನೆಗೆ ಆ ಸಾಲಿನ ಮನೆಗಳವರೆಲ್ಲ ಹೊರಗೆ ಬಂದು ನಿಂತರು. ಆ ಸಾಲಿನಲ್ಲಿ ಬೇರೆ ಬೇರೆ ಊರಿನಿಂದ ಬಂದವರು ಇದ್ದರಂತೆ, ಒಬ್ಬರ ಮನೆಗೊಬ್ಬರು ಹೋಗುತ್ತಿರಲಿಲ್ಲವಂತೆ. ಆ ಸಂಜೆ ಒಬ್ಬೊಬ್ಬರು ಒಂದೊಂದು ಪಲ್ಯ ತಂದರು. ಕಾಕುವಿನ ನಾಲ್ಕೈದು ರೊಟ್ಟಿ ಯಾರಿಗೂ ಸಾಲದೆ, ಅಲ್ಲಿನ ಹೆಂಗಸರೇ ಸರದಿಯಂತೆ ಕೂತು ಬಡಿದರು. ಕಾಕು ನಡುವೆ ಕುಳಿತು ಗದ್ದ ಎತ್ತಿ ಎತ್ತಿ ಬಡಿಸಲು ಹೇಳುತ್ತಿದ್ದಳು.

ಆ ಭಾನುವಾರಗಳಲ್ಲಿ ಇತ್ತ ಖಾನಾವಳಿ ನಡೆಸುತ್ತಿದ್ದವಳು ರೇಣುಕಾ. ಎತ್ತಿಟ್ಟ ಲಟ್ಟಣಿಗೆ ಹೊರಗೆ ಬಂದಿತ್ತು. ಪ್ರವಾಸಕ್ಕೆ ಹೋಗದ ಒಂದು ಭಾನುವಾರ ನಾನೂ ಆ ರೊಟ್ಟಿ ಉಂಡೆ. ತೆಳ್ಳಗೆ, ಮೆತ್ತಗೆ, ಅಂಚು ಎಲ್ಲೂ ಸೀಳಿರಲಿಲ್ಲ. ಚೆನ್ನಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಕಾಕುವಿಗೆ ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ಯುಗಾದಿಗೆ ಸ್ವಲ್ಪ ಮೊದಲು ಮುಧೋಳದಿಂದ ಕರೆ ಬಂತು. ರೇಣುಕಾಳ ತವರುಮನೆ. ಕಾಕುವಿಗೆ ಮನಸ್ಸಿರಲಿಲ್ಲ. ಬೀಗತಿ ಕರೆದಾಗ ಹೋಗದಿದ್ದರೆ ಸರಿಯಲ್ಲ ಎಂದು ಹೊರಟಳು. ಮಲ್ಲು ಮತ್ತು ನಾನು ಜೊತೆಗೆ. ಮದುವೆಯಲ್ಲಿ, ಮೊಮ್ಮಕ್ಕಳ ತೊಟ್ಟಿಲ ಶಾಸ್ತ್ರದಲ್ಲಿ ಭೇಟಿಯಾದದ್ದು ಬಿಟ್ಟರೆ ಆ ಇಬ್ಬರು ಹೆಂಗಸರು ಕೂತು ಮಾತಾಡಿದ್ದೇ ಇಲ್ಲ. ಬೀಗತಿ ತೆಳ್ಳಗಿನ, ಸಂಕೋಚದ ಹೆಂಗಸು, ಬಲಗೈಯನ್ನು ಯಾವಾಗಲೂ ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದಳು.

ಕಾಕು ಒಲೆಯ ಮುಂದೆ ಕೂತಳು. ಒಂದು ರೊಟ್ಟಿ ಆಯಿತು, ಎರಡು ಆಯಿತು. ಮೂರನೆಯದನ್ನು ಹಲಗೆಯಿಂದ ಎತ್ತಿ ಹಂಚಿಗೆ ಹಾಕಬೇಕು, ಕೈ ಏಳಲಿಲ್ಲ. ರೊಟ್ಟಿ ಮಡಚಿ ಒಲೆಯ ಬೂದಿಗೆ ಬಿತ್ತು. ಕಾಕು ಭುಜ ಹಿಡಿದುಕೊಂಡು ಕುಳಿತಳು. ಬೀಗರ ಮನೆಯಲ್ಲಿ, ಎಲ್ಲರ ಎದುರಿಗೆ. ಆಕೆಯ ಮುಖ ಹಾಗಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬೀಗತಿ ಪಕ್ಕಕ್ಕೆ ಬಂದು ಕೂತಳು. ಗೂಡಿನಿಂದ ಲಟ್ಟಣಿಗೆ ತೆಗೆದಳು. ಆಗ ಅವಳ ಬಲಗೈ ಸೆರಗಿನಿಂದ ಹೊರಗೆ ಬಂತು. ಎರಡು ಬೆರಳು ಇರಲಿಲ್ಲ. ಉಳಿದ ಬೆರಳುಗಳಲ್ಲಿ ಲಟ್ಟಣಿಗೆ ಹಿಡಿದು ಉಂಡೆಯನ್ನು ಸರಸರನೆ ಲಟ್ಟಿಸಿ ಹಂಚಿಗೆ ಹಾಕಿದಳು.

"ಯಾವಾಗ ಆತವಾ ಇದು?" ಅಂದಳು ಕಾಕು.

"ರೇಣುಕಾ ತೊಟ್ಟಲದಾಗ ಇದ್ಲರಿ. ಆಲಿಮನ್ಯಾಗ ಕಬ್ಬ ಹಾಕೂಮುಂದ ಗಾಣಕ್ಕ ಸಿಕ್ಕವು."

"ಮದವ್ಯಾಗ ಹೇಳ್ಲಿಲ್ಲಲ್ಲ?"

"ಅಂಜಿಕಿ ರೀ. ಏನ ಅಂತೀರೋ ಏನೋ ಅಂತ."

"ಬೀಗತಿ ಬೆರಳ ಎಣಿಸಿ ಸೊಸಿ ತರ್ತಾರೇನು," ಅಂದಳು ಕಾಕು. ಆಮೇಲೆ ಮೆಲ್ಲಗೆ, "ಹಂಗಾದ್ರ ಆಕಿ ಲಟ್ಟಸೂದು ನಿಮ್ಮಿಂದ ಕಲತದ್ದು."

"ಹೌದ್ರಿ. ನನ್ನ ಕೈಲೆ ಬಡ್ಯಾಕ ಆಗಂಗಿಲ್ಲಲ್ರಿ. ಆಕಿ ನೋಡಿದ್ದು ಇದೊಂದ."

"ನಾ ಹಪ್ಪಳ ಅಂದ್ರೂ ಒಂದ ದಿನ ಬಾಯಿ ಬಿಡಲಿಲ್ಲಲ್ಲ ಹುಡುಗಿ."

"ಅವ್ವನ ಕೈ ಹಿಂಗೈತಿ ಅಂತ ಹೆಂಗ ಹೇಳ್ತಾಳ್ರಿ. ನಕ್ಕ ಬಿಟ್ಟೇನವಾ ಅಂದ್ಲು ನನಗ."

ಹಂಚಿನ ಮೇಲಿನ ರೊಟ್ಟಿ ಉಬ್ಬಿ ಬುಗ್ಗೆಯಾಯಿತು. ಕಾಕು ಅದನ್ನು ನೋಡಿದಳು. ಆಮೇಲೆ ಕೈ ಚಾಚಿದಳು.

"ಆ ಲಟ್ಟಣಿಗಿ ಇಲ್ಲಿ ಕೊಡ್ರಿ."

ಜೀವಮಾನದಲ್ಲಿ ಮೊದಲ ಸಲ ಲಟ್ಟಿಸಿದ ಕಾಕುವಿನ ರೊಟ್ಟಿಗೆ ಮೂರು ಮೂಲೆ ಬಂದವು, ಒಂದು ಕಡೆ ಬಾಲ ಬಂತು. ಬೀಗತಿ ಬಗ್ಗಿ ನೋಡಿದಳು. "ಇದ ಯಾವ ಊರಿನ ನಕಾಶೆರಿ?" ಅಂದಳು. ಅಷ್ಟು ಸಂಕೋಚದ ಹೆಂಗಸು ಹಾಗೆ ಕೇಳಿದ್ದಕ್ಕೆ ಕಾಕು ನಗತೊಡಗಿದಳು. ಬೀಗತಿಯೂ ನಕ್ಕಳು. ನಗು ನಿಲ್ಲಿಸಲಾರದೆ ಇಬ್ಬರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಲೆಯ ಮೇಲಿನ ರೊಟ್ಟಿ ಕರಕಲಾದದ್ದು ಯಾರ ಗಮನಕ್ಕೂ ಬರಲಿಲ್ಲ.

ಜೀಪಿನಲ್ಲಿ ವಾಪಸು ಹೊರಟೆವು. ಜಮಖಂಡಿಯ ಗುಡ್ಡ ಕಾಣತೊಡಗಿದಾಗ, "ಲಟ್ಟಸಾಕ ಭುಜ ಎತ್ತೂದ ಬ್ಯಾಡ ನೋಡು" ಅಂದಳು ಕಾಕು. ಇನ್ನೂ ಸ್ವಲ್ಪ ದೂರ ಬಂದ ಮೇಲೆ ಹಿಂದಕ್ಕೆ ತಿರುಗಿ, "ಮಲ್ಲೂ, ಬಾಗಲಾ ಹಾಕ್ತೇನಿ ಅಂತ ಅಂದಿದ್ನಲ್ಲ, ಅದನ್ನ ರೇಣುಕಾನ ಮುಂದ ಹೇಳಿಯೇನು?" ಎಂದು ಕೇಳಿದಳು.

"ಇಲ್ಲ ಬೇ."

"ಹೇಳಬ್ಯಾಡ."

ಯುಗಾದಿಯ ದಿನ ಓಣಿಯ ತುಂಬ ಜನ. ಹಾಲಿನಲ್ಲಿ ಜಾಗ ಸಾಲದೆ ರಸ್ತೆಗೆ ಚಾಪೆ ಹಾಸಿದ್ದರು. ವಕೀಲರೊಬ್ಬರು ಶಾಲು ಹೊದಿಸಿ ಬಹಳ ಹೊತ್ತು ಭಾಷಣ ಮಾಡಿದರು. ಕಾಕುವನ್ನು ಮಾತಾಡಲು ಕೇಳಿದಾಗ, "ಸಾರ ಆರಾಕತ್ತೈತಿ" ಅಂದಳು, ಅಷ್ಟೇ ಭಾಷಣ. ಕೊನೆಯ ರೊಟ್ಟಿಯನ್ನು ಮೆಲ್ಲಗೆ, ಭುಜಕ್ಕೆ ಬಿಡುವು ಕೊಡುತ್ತ ಬಡಿದು ಹಂಚಿಗೆ ಹಾಕಿ, ಬೇಯಿಸಿ ಇಳಿಸಿದಳು. ಎದ್ದು ನಿಂತಳು. ಬಾಗಿಲಿನ ಹಿಂದೆ ನಿಂತಿದ್ದ ರೇಣುಕಾಳನ್ನು ಕರೆದಳು.

"ಕುಂಡರವಾ. ನಿನ್ನ ಲಟ್ಟಣಿಗಿ ಎಲ್ಲೈತಿ, ತಗೊಂಬಾ."

ರೇಣುಕಾ ಅತ್ತೆಯ ಮುಖ ನೋಡಿದಳು. ಮಲ್ಲುವಿನ ಮುಖ ನೋಡಿದಳು. ಆಮೇಲೆ ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿ ಲಟ್ಟಣಿಗೆ ತೆಗೆದು ಕೂತಳು. ಹಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ರಸ್ತೆಯಲ್ಲಿ ಕುಳಿತವರೂ ಯಾಕೆಂದು ಗೊತ್ತಿಲ್ಲದೆ ತಟ್ಟಿದರು.

ಮರುದಿನ ನಾನು ಊಟಕ್ಕೆ ಹೋದಾಗ ಎಂದಿನ ಜನ ಎಂದಿನ ಜಾಗದಲ್ಲಿದ್ದರು. ರೇಣುಕಾ ಒಲೆಯ ಮುಂದೆ ಇದ್ದಳು. ಆಗ ಓಣಿಯ ಕಡೆಯ ಬಾಗಿಲಿನಿಂದ ಕಾಕು ಒಳಗೆ ಬಂದಳು. ತಲೆ ಬಾಚಿ, ಇಸ್ತ್ರಿಯ ಸೀರೆ ಉಟ್ಟಿದ್ದಳು. ಗಿರಾಕಿಗಳಂತೆ ತೊಟ್ಟಿಯಲ್ಲಿ ಕೈ ತೊಳೆದುಕೊಂಡು ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತಳು. ಎಲ್ಲರೂ ಆಕೆಯತ್ತ ತಿರುಗಿದರು. ಮಲ್ಲು ತಟ್ಟೆ ಇಟ್ಟ. ರೇಣುಕಾ ತಾನೇ ಎದ್ದು ಬಂದು ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಹಾಕಿ, ಪಕ್ಕದಲ್ಲೇ ನಿಂತಳು.

ಕಾಕು ರೊಟ್ಟಿ ಮುರಿದಳು. ಹಬೆ ಎದ್ದಿತು. ಬೆರಳು ಸುಟ್ಟಿತೇನೋ, ಊದಿಕೊಂಡಳು. ಬದನೆಕಾಯಿ ಪಲ್ಯಕ್ಕೆ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದಳು. ಎರಡನೆಯ ತುತ್ತೂ ಹಾಗೆಯೇ. ನಾವ್ಯಾರೂ ಉಣ್ಣುತ್ತಿರಲಿಲ್ಲ.

"ಹೆಂಗೈತ್ರಿ?" ಅಂದಳು ರೇಣುಕಾ, ಕೇಳಿಸೀತೋ ಇಲ್ಲವೋ ಎಂಬಂತೆ.

"ಬಿಸಿ ರೊಟ್ಟಿ ಬಾಯಾಗ ಹಿಂಗ ಕರಗತೈತಿ ಅಂತ ನನಗ ಗೊತ್ತ ಇದ್ದಿಲ್ಲವಾ," ಅಂದಳು ಕಾಕು.

ನನಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ವರ್ಷ ಈ ಬೆಂಚಿನಲ್ಲಿ ಕೂತು ಉಂಡಿದ್ದೇನೆ, ಕಾಕು ಊಟ ಮಾಡಿದ್ದನ್ನು ಒಂದು ದಿನವೂ ಕಂಡಿರಲಿಲ್ಲ. ಕಡೆಯ ಗಿರಾಕಿ ಕೈ ತೊಳೆದು ಹೋದ ಮೇಲೆ, ಒಲೆ ಆರಿಸಿ, ಉಳಿದ ಬಿರುಸು ರೊಟ್ಟಿಯನ್ನು ಸಾರಿನಲ್ಲಿ ಮುರಿದು ಹಾಕಿಕೊಂಡು ಉಣ್ಣುತ್ತಿದ್ದಳಂತೆ. ಅದನ್ನು ಮಲ್ಲು ನನಗೆ ಆಮೇಲೆ ಹೇಳಿದ.

ರೇಣುಕಾ ಅತ್ತೆಯ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು.

"ನಿಂತ ಏನ ನೋಡ್ತೀ? ಇನ್ನೊಂದ ತಾ," ಅಂದಳು ಕಾಕು. ನನ್ನ ತಟ್ಟೆಯ ಪಕ್ಕದಲ್ಲಿದ್ದ ಬೆಣ್ಣೆಯ ಬಟ್ಟಲನ್ನು ಎಡಗೈಯಿಂದ ತನ್ನ ಕಡೆಗೆ ಎಳೆದುಕೊಂಡಳು.